ನಿಕಾಲ ಒಂದೇ ನೋಡಬ್ಯಾಡ್ರಿ, ಪಟಾನೂ ನೋಡ್ರಿ

ಸೊಲ್ಲಾಪುರ: ಹತ್ತನೇತ್ತೆಯ ನಿಕಾಲ, ಅಂದರೆ ಫಲಿತಾಂಶ, ಬಂತೆಂದರೆ ಸಾಕು, ನಗರದ ಯಾವ ಪೇಟೆಗೆ ಹೋದರೂ ಹೈಸ್ಕೂಲುಗಳ ಗೇಟಿಗೆ ಫ್ಲೆಕ್ಸ್ ಕಟ್ಟಿರುತ್ತಾರೆ. ಮೇಲೆ ಸಂಸ್ಥಾಪಕರ ಫೋಟೊ, ಕೆಳಗೆ ಮೊದಲ ಮೂವರು ಮಕ್ಕಳ ಫೋಟೊ, ನಡುವೆ ದೊಡ್ಡ ಅಕ್ಷರದಲ್ಲಿ ಸಾಲಿಯ ಶೇಕಡಾವಾರು ನಿಕಾಲ. ಆ ಒಂದು ಅಂಕಿ ನೋಡಿಯೇ ಈ ಸಾಲಿ ಚಲೋ, ಆ ಸಾಲಿ ಬರೋಬ್ಬರಿ ಇಲ್ಲ ಅಂತ ಪಾಲಕರು ತೀರ್ಮಾನ ಮಾಡಿಬಿಡುತ್ತಾರೆ. ಜೂನ್ ತಿಂಗಳ ಪ್ರವೇಶವೂ ಅದರ ಮೇಲೆಯೇ ನಡೆಯುತ್ತದೆ.

ಆದರೆ ಆ ಅಂಕಿ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಪರೀಕ್ಷೆಗೆ ಕುಳಿತವರಲ್ಲಿ ಎಷ್ಟು ಮಂದಿ ಪಾಸಾದರು? ಕುಳಿತುಕೊಳ್ಳದವರು ಎಲ್ಲಿ ಹೋದರು, ಕುಳಿತವರು ಯಾರ ಮಕ್ಕಳು, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಸಾಲಿ ಬಿಟ್ಟ ಮೇಲೆ ಯಾವ ಕೆಲಸಕ್ಕೆ ಹೋಗುತ್ತಾರೆ, ಇವು ಯಾವುವೂ ಫ್ಲೆಕ್ಸ್ ಮೇಲೆ ಇರುವುದಿಲ್ಲ. ಗಡಿಯ ಈಚೆ ನಡೆಯುತ್ತಿರುವ ಕನ್ನಡ ಮಾಧ್ಯಮದ ಅನುದಾನಿತ ಹೈಸ್ಕೂಲುಗಳಿಗೆ ಈ ಪ್ರಶ್ನೆಗಳೇ ಜೀವನ್ಮರಣದ ಪ್ರಶ್ನೆಗಳಾಗಿವೆ.

ಶೇಕಡಾ ಏರಿಳಿತದ ಗುಟ್ಟು

ಮೊದಲು ಇಡೀ ಮಹಾರಾಷ್ಟ್ರದ ನಿಕಾಲವನ್ನೇ ನೋಡೋಣ. 2018ರಲ್ಲಿ ರಾಜ್ಯದ ಎಸ್ಸೆಸ್ಸಿ ನಿಕಾಲ ಶೇ. 89.41 ಇತ್ತು. 2019ರಲ್ಲಿ ಒಮ್ಮೆಲೇ ಶೇ. 77.10ಕ್ಕೆ ಬಿತ್ತು. 2020ರಲ್ಲಿ ಮತ್ತೆ ಶೇ. 95.30ಕ್ಕೆ ಜಿಗಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾಗಿ, ಮರುವರ್ಷ ಎಲ್ಲರೂ ಶಾಣ್ಯಾ ಆದರೇನು? ಹಾಗೇನೂ ಆಗಿರಲಿಲ್ಲ. 2019ರ ಪರೀಕ್ಷೆಯಲ್ಲಿ ಭಾಷಾ ವಿಷಯಗಳ 20 ಅಂಕದ ಮೌಖಿಕ ಪರೀಕ್ಷೆಯನ್ನು ತೆಗೆದುಹಾಕಲಾಗಿತ್ತು. ಮಕ್ಕಳು ಪೂರ್ತಿ 100 ಅಂಕ ಬರೆದೇ ಗಳಿಸಬೇಕಾಯಿತು. ನಿಕಾಲ ಕುಸಿದು ರಾಜ್ಯದ ತುಂಬ ಗದ್ದಲವಾದ ಮೇಲೆ ಆ ಅಂಕಗಳನ್ನು ಮರಳಿ ತಂದರು. ಬರವಣಿಗೆಗೆ 80, ಸಾಲಿಯಲ್ಲಿ ಕೊಡುವ ಅಂಕ 20. ಅಷ್ಟಕ್ಕೇ ನಿಕಾಲ ಮೇಲೆದ್ದಿತು.

2021ರಲ್ಲಿ ಕೊರೊನಾ ಕಾರಣ ಪರೀಕ್ಷೆಯೇ ನಡೆಯಲಿಲ್ಲ. 9 ಮತ್ತು 10ನೇತ್ತೆಯ ಒಳಗಿನ ಮೌಲ್ಯಮಾಪನದ ಮೇಲೆ ನಿಕಾಲ ಕೊಟ್ಟರು. ಅದು ಶೇ. 99.95. ಆ ಬಳಿಕ 2022ರಲ್ಲಿ ಶೇ. 96.94, 2023ರಲ್ಲಿ ಶೇ. 93.83, 2024ರಲ್ಲಿ ಶೇ. 95.81, 2025ರಲ್ಲಿ ಶೇ. 94.10. ಇದರ ಜೊತೆಗೆ 2010ರಿಂದ ಆರು ವಿಷಯಗಳಲ್ಲಿ ಉತ್ತಮ ಐದರ ಮೇಲೆ ಶೇಕಡಾ ತೆಗೆಯುವ ಪದ್ಧತಿ ಬಂದಿದೆ. 2015ರಿಂದ ನಪಾಸಾದವರಿಗೆ ವರ್ಷ ಹಾಳಾಗದಂತೆ ಜುಲೈ ತಿಂಗಳಲ್ಲೇ ಮರುಪರೀಕ್ಷೆಯ ಸೌಲಭ್ಯವೂ ಸಿಕ್ಕಿತು.

ಇವೆಲ್ಲ ಮಕ್ಕಳಿಗೆ ಒಳ್ಳೆಯದೇ. ಹೇಳಬೇಕಾದ ಮಾತು ಇಷ್ಟೇ: ರಾಜ್ಯದಲ್ಲೇ ನೂರಕ್ಕೆ 94-95 ಮಂದಿ ಪಾಸಾಗುವಾಗ ಒಂದು ಸಾಲಿಯ ಶೇ. 95 ಅಂದರೆ ವಿಶೇಷ ಸಾಧನೆ ಅಲ್ಲ, ಸರಾಸರಿ. ನಿಯಮ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕಲಿಕೆ ಅಷ್ಟು ಬೇಗ ಬದಲಾಗುವುದಿಲ್ಲ.

ಆರಂಭದ ಶಿಲ್ಕು ಎಷ್ಟು?

ಕಿರಾಣಿ ಅಂಗಡಿಯವರೂ ವರ್ಷದ ಕೊನೆಗೆ ಮಾರಾಟ ಒಂದನ್ನೇ ನೋಡುವುದಿಲ್ಲ. ಆರಂಭದ ಶಿಲ್ಕು ಎಷ್ಟಿತ್ತು, ನಡುವೆ ಎಷ್ಟು ಬಂತು, ಎಷ್ಟು ಹೋಯಿತು, ಕೊನೆಗೆ ಎಷ್ಟು ಉಳಿಯಿತು, ಎಲ್ಲ ನೋಡುತ್ತಾರೆ. ಸಾಲಿಯ ಲೆಕ್ಕವನ್ನೂ ಹಂಗೇ ನೋಡಬೇಕು.

ಉದಾಹರಣೆಗೆ ಎರಡು ಸಾಲಿ ಹಿಡಿಯಿರಿ. ಒಂದನೇ ಸಾಲಿಯಲ್ಲಿ 8ನೇತ್ತೆಗೆ 40 ಮಕ್ಕಳು. 10ನೇತ್ತೆಯ ಪರೀಕ್ಷೆಗೆ ಕುಳಿತವರು 25. ಪಾಸಾದವರು 24. ನಿಕಾಲ ಶೇ. 96. ಎರಡನೇ ಸಾಲಿಯಲ್ಲಿಯೂ 8ನೇತ್ತೆಗೆ 40 ಮಕ್ಕಳು. ಪರೀಕ್ಷೆಗೆ ಕುಳಿತವರು 38, ಪಾಸಾದವರು 32. ನಿಕಾಲ ಶೇ. 84. ಫ್ಲೆಕ್ಸ್ ಮೇಲೆ ಒಂದನೇ ಸಾಲಿ ಗೆಲ್ಲತದ. ಆದರೆ 40 ಮಕ್ಕಳಲ್ಲಿ ಹತ್ತನೇತ್ತೆ ದಾಟಿಸಿದ್ದು ಒಂದನೆಯದು 24 ಮಂದಿಯನ್ನು, ಎರಡನೆಯದು 32 ಮಂದಿಯನ್ನು. ಮಕ್ಕಳ ಲೆಕ್ಕದಾಗ ಎರಡನೇ ಸಾಲೀನೇ ಮುಂದ.

ನಡುವೆ ಕಾಣೆಯಾದವರೆಲ್ಲ ಸಾಲಿ ಬಿಟ್ಟವರೇ ಅಂತಲ್ಲ. ಕೆಲವರು ದಾಖಲಾ ತೆಗೆದುಕೊಂಡು ಮರಾಠಿ ಮಾಧ್ಯಮಕ್ಕೆ ಹೋಗುತ್ತಾರೆ. ಕೆಲವರ ಮನೆ ಊರಾಚೆಗೆ ಹೋಗುತ್ತದೆ. ಇನ್ನು ಕೆಲವರು ನಂ. 17 ಫಾರ್ಮ್ ತುಂಬಿ ಹೊರಗಿನಿಂದ ಪರೀಕ್ಷೆಗೆ ಕೂಡುತ್ತಾರೆ. ಸಾಲಿ ಬಿಟ್ಟವರು ಮತ್ತೆ ಪರೀಕ್ಷೆ ಬರೆಯಲಿ ಅಂತ ಇರುವ ಒಳ್ಳೆಯ ಸೌಲಭ್ಯ ಅದು. ಆದರೆ ಬೋರ್ಡಿನ ನಿಕಾಲದಲ್ಲಿ ನಿಯಮಿತ ವಿದ್ಯಾರ್ಥಿಗಳ ಲೆಕ್ಕ ಬೇರೆ, ಖಾಸಗಿ ವಿದ್ಯಾರ್ಥಿಗಳ ಲೆಕ್ಕ ಬೇರೆ, ಮರಳಿ ಪರೀಕ್ಷೆ ಬರೆಯುವವರ ಲೆಕ್ಕ ಬೇರೆ. ಅಭ್ಯಾಸದಲ್ಲಿ ಹಿಂದೆ ಬಿದ್ದ ಹುಡುಗನೊಬ್ಬ 9ನೇತ್ತೆಯ ನಂತರ 17ನೇ ನಂಬರಿಗೆ ಹೋದನೆಂದರೆ ಅವನ ನಪಾಸು ಸಾಲಿಯ ಖಾತೆಗೆ ಬೀಳುವುದಿಲ್ಲ. ಪಾಲಕರು ಇದನ್ನು ತಿಳಿದಿರಬೇಕು.

ಯಾರ ಮಕ್ಕಳು ಕಲಿಯುತ್ತಾರೆ?

ಸೊಲ್ಲಾಪುರ ಒಂದು ಭಾಷೆಯ ಊರಲ್ಲ. 2011ರ ಜನಗಣತಿಯಲ್ಲಿ ಮಹಾಪಾಲಿಕೆ ಹದ್ದಿಯ ಜನಸಂಖ್ಯೆ 9,51,558. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಇಲ್ಲಿ ಮನೆಮಾತು. ಸಿದ್ಧರಾಮೇಶ್ವರರ ಸೊನ್ನಲಿಗೆಯಲ್ಲಿ ಕನ್ನಡ ಇಂದು ನಿನ್ನೆಯದಲ್ಲ. ಪದ್ಮಶಾಲಿ ನೇಕಾರರ ಜೊತೆ ತೆಲುಗು ಬಂತು. 1870ರ ದಶಕದಲ್ಲಿ ಇಲ್ಲಿ ಬಟ್ಟೆ ಗಿರಣಿ ಶುರುವಾದ ಮೇಲೆ ಸುತ್ತಲಿನ ಹಳ್ಳಿಗಳಿಂದ ಕೆಲಸಕ್ಕೆ ಬಂದವರು ಇಲ್ಲಿಯೇ ನೆಲೆ ನಿಂತರು. ಅದಕ್ಕೇ ನಗರದಲ್ಲಿ ಸಾಲಿಗಳೂ ಮಾಧ್ಯಮಕ್ಕೊಂದರಂತೆ ಬೆಳೆದವು. ಪುಣೆಯ ಬಾಲಭಾರತಿ ಸಂಸ್ಥೆ 1967ರಲ್ಲಿ ಸ್ಥಾಪನೆಯಾಯಿತು. ಅದು ಪಠ್ಯಪುಸ್ತಕ ತರುವ ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು. ಎಸ್ಸೆಸ್ಸಿ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಬಹುದು.

ದೊಡ್ಡ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಉಳಿದದ್ದು ಯಂತ್ರಮಾಗ, ಚಾದರ, ಟಾವೆಲ್, ಸಿದ್ಧ ಉಡುಪು ಮತ್ತು ಬೀಡಿ. ಮನೆಯಲ್ಲಿ ತಾಯಿ ಬೀಡಿ ಕಟ್ಟುತ್ತಾಳೆ, ತಂದೆ ಕಾರಖಾನೆಗೆ ಪಾಳಿಯ ಮೇಲೆ ಹೋಗುತ್ತಾನೆ. ಅನುದಾನಿತ ಹೈಸ್ಕೂಲಿನ ವರ್ಗದಲ್ಲಿ ಕೂಡುವ ಮಕ್ಕಳಲ್ಲಿ ಇಂಥ ಮನೆಯವರು ಬಹಳ. ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲನೆಯವರೂ ಇವರಲ್ಲಿ ಇರುತ್ತಾರೆ. ಬೀಜಗಣಿತ ತಿಳಿಯದಿದ್ದರೆ ಮನೆಯಲ್ಲಿ ಕೇಳಲು ಯಾರೂ ಇರುವುದಿಲ್ಲ. ಟ್ಯೂಷನ್ ಹಚ್ಚುವ ತಾಕತ್ತೂ ಎಲ್ಲರಿಗಿಲ್ಲ.

ಊರಿನ ನಕಾಶೆಯೂ ಬದಲಾಗಿದೆ. ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯಲ್ಲಿ ಕಟ್ಟಿದ ಗೋದೂತಾಯಿ ಪರುಳೇಕರ ವಸಾಹತಿನ 10,000 ಮನೆಗಳ ಹಂಚಿಕೆ 2006ರಲ್ಲಿ ನಡೆಯಿತು. ಅಸಂಘಟಿತ ಕಾರ್ಮಿಕರಿಗಾಗಿ ಅದೇ ಭಾಗದಲ್ಲಿ ರೂಪಿಸಿದ ರೇ ನಗರ ಯೋಜನೆ 30,000 ಮನೆಗಳದ್ದು. ಅದರ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ಬಾಡಿಗೆ ಮನೆಯಲ್ಲಿದ್ದ ಬಡವರಿಗೆ ಸ್ವಂತ ಸೂರು ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಮನೆ ಊರಾಚೆ ಹೋದರೆ ಮಗುವೂ ಹೋಗುತ್ತದೆ. ಪೇಟೆಯ ಹಳೆಯ ಸಾಲಿಗೆ ಬರಬೇಕೆಂದರೆ ಬಸ್ ಇಲ್ಲವೇ ಶೇರ್ ರಿಕ್ಷಾ. ಗಂಡು ಹುಡುಗ ಹೇಗೋ ಬರುತ್ತಾನೆ. ಹೆಣ್ಣು ಮಗುವನ್ನು ಕಳಿಸಲು ತಾಯಂದಿರು ಹಿಂದೆಮುಂದೆ ನೋಡುತ್ತಾರೆ. ಹೀಗಾಗಿ ಪೇಟೆಯ ಸಾಲಿಯ ಪಟ ಇಳಿಯಿತೆಂದರೆ ಅದು ಮಾಸ್ತರರ ತಪ್ಪೇ ಆಗಿರಬೇಕೆಂದೇನಿಲ್ಲ.

9ನೇತ್ತೆ ಎಂಬ ಹೊಸ್ತಿಲು

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು 6ರಿಂದ 14 ವಯಸ್ಸಿನ ಮಕ್ಕಳಿಗೆ, ಅಂದರೆ 8ನೇತ್ತೆವರೆಗೆ. ಮಧ್ಯಾಹ್ನದ ಬಿಸಿಯೂಟವೂ 8ನೇತ್ತೆವರೆಗೆ. ಸರಕಾರದ ಉಚಿತ ಪುಸ್ತಕವೂ 8ನೇತ್ತೆವರೆಗೆ. ನಪಾಸು ಮಾಡಬಾರದೆಂಬ ನಿಯಮವೂ ಬಹುಕಾಲ 8ನೇತ್ತೆವರೆಗೆ ಇತ್ತು. 2023ರಲ್ಲಿ ಮಹಾರಾಷ್ಟ್ರ ಸರಕಾರ 5 ಮತ್ತು 8ನೇತ್ತೆಗೆ ವಾರ್ಷಿಕ ಪರೀಕ್ಷೆ ತಂದು ಅದನ್ನು ಸಡಿಲಿಸಿತು.

ಅಂದರೆ 9ನೇತ್ತೆಗೆ ಕಾಲಿಟ್ಟ ಕೂಡಲೇ ಮಗುವಿಗೆ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ. ಊಟ ಇಲ್ಲ, ಪುಸ್ತಕ ಕೊಳ್ಳಬೇಕು, ಅಭ್ಯಾಸ ಕಠಿಣ, ನಪಾಸಾಗುವ ಭಯ. ಮಹಾಪಾಲಿಕೆಯ ಸಾಲಿಗಳು ಮುಖ್ಯವಾಗಿ ಪ್ರಾಥಮಿಕ ಸಾಲಿಗಳು. ಅಲ್ಲಿ ಕಲಿತ ಮಗು ಹೈಸ್ಕೂಲಿಗೆ ಬೇರೆ ಕಟ್ಟಡ, ಬೇರೆ ಸಂಸ್ಥೆ ಹುಡುಕಬೇಕು. ಹತ್ತಿರದಲ್ಲಿ ಕನ್ನಡ ಹೈಸ್ಕೂಲು ಇಲ್ಲದಿದ್ದರೆ ಮರಾಠಿ ಮಾಧ್ಯಮಕ್ಕೆ ಹೊರಳುತ್ತದೆ. ಏಳೆಂಟು ವರ್ಷ ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ಓದಿದ ಮಗು ಅದೇ ಪಾಠವನ್ನು ಮರಾಠಿ ಶಬ್ದಗಳಲ್ಲಿ ಹೊಸದಾಗಿ ಕಲಿಯಬೇಕು. ಓಣಿಯ ಮರಾಠಿ ಬರುತ್ತದೆ ಅಂದಮಾತ್ರಕ್ಕೆ ಪುಸ್ತಕದ ಮರಾಠಿ ಬರುವುದಿಲ್ಲ. ಎರಡೂ ಭಾಷೆ ಆಡುವ ನಮ್ಮಂಥವರಿಗೆ ಈ ಫರಕು ಚೆನ್ನಾಗಿ ಗೊತ್ತು.

ಇದೇ ಹೊತ್ತಿಗೆ ಇನ್ನೊಂದು ಬಾಗಿಲೂ ತೆರೆಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಂತೆ 14ರ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸಾಲಿ ಬಿಟ್ಟ ಬಳಿಕ ಮನೆಯ ಉದ್ಯೋಗಕ್ಕೆ ಕೈಜೋಡಿಸುವುದಕ್ಕೆ ರಿಯಾಯಿತಿ ಇದೆ. ಆದರೆ 14ರಿಂದ 18ರವರಿಗೆ ನಿಷೇಧ ಇರುವುದು ಅಪಾಯಕಾರಿ ಕೆಲಸಗಳಿಗಷ್ಟೇ. ಸಾಲಿಯಲ್ಲಿ ಊಟ ನಿಲ್ಲುವ ವಯಸ್ಸು, ಪೇಟೆಯಲ್ಲಿ ಪಗಾರ ಶುರುವಾಗುವ ವಯಸ್ಸು ಎರಡೂ ಒಂದೇ. ಬಡ ಮನೆಯ ಹುಡುಗ ಯಾವ ಕಡೆ ಹೊರಳುತ್ತಾನೆ ಎಂಬುದು ಬಿಡಿಸಿ ಹೇಳಬೇಕಿಲ್ಲ.

ಹುಡುಗಿಯರು ಮುಂದೆ, ಹುಡುಗರು ಹಿಂದೆ

ಪ್ರತಿ ವರ್ಷ ನಿಕಾಲದ ಸುದ್ದಿಗೆ ಹುಡುಗಿಯರೇ ಮುಂದೆ ಎಂಬ ತಲೆಬರಹ ಖಾಯಂ. 2024ರಲ್ಲಿ ರಾಜ್ಯದಲ್ಲಿ ಹುಡುಗಿಯರ ನಿಕಾಲ ಶೇ. 97.21, ಹುಡುಗರದ್ದು ಶೇ. 94.56. 2025ರಲ್ಲಿ ಹುಡುಗಿಯರದ್ದು ಶೇ. 96.14, ಹುಡುಗರದ್ದು ಶೇ. 92.31. ಒಂದೇ ವರ್ಷದಲ್ಲಿ ಅಂತರ 2.65ರಿಂದ 3.83ಕ್ಕೆ ಏರಿತು.

ಇದರಲ್ಲಿ ಹೆಮ್ಮೆಯೂ ಇದೆ, ಚಿಂತೆಯೂ ಇದೆ. ಬೀಡಿ ಮನೆಯ ಹುಡುಗಿ ತಾಯಿಗೆ ಎಲೆ ಕತ್ತರಿಸಿಕೊಟ್ಟು, ಪಾತ್ರೆ ತೊಳೆದು, ಆಮೇಲೆ ಓದಿ ಪಾಸಾಗುತ್ತಾಳೆ. ಆದರೆ ಪಾಸಾದ ಮೇಲೆ ಕಾಲೇಜು ದೂರ ಎಂಬ ಕಾರಣಕ್ಕೆ ಮನೆಯಲ್ಲೇ ಉಳಿಯುವ ಅಪಾಯ ಅವಳಿಗೇ ಹೆಚ್ಚು. ಹುಡುಗನದ್ದು ಉಲ್ಟಾ. ಅವನಿಗೆ ಹೊರಗೆ ಹೋಗಲು ಅಡ್ಡಿಯಿಲ್ಲ, ಆದ್ದರಿಂದಲೇ ಸಾಲಿಯಿಂದ ಹೊರಗೆ ಹೋಗುವುದೂ ಸಲೀಸು. ಒಂದೇ ವರ್ಗದ ಈ ಇಬ್ಬರಿಗೆ ಬೇಕಾದ ಸಹಾಯ ಬೇರೆ ಬೇರೆ. ಸಾಲಿಯ ಒಟ್ಟು ಶೇಕಡಾದಲ್ಲಿ ಅದು ಕಾಣುವುದಿಲ್ಲ.

ಉಳಿದವರು ಯಾರು?

2012ರಲ್ಲಿ ಮಹಾರಾಷ್ಟ್ರ ಸರಕಾರ ಸ್ವಯಂ ಅರ್ಥಸಹಾಯಿತ ಶಾಲೆಗಳ ಕಾಯ್ದೆ ಮಾಡಿದ ಮೇಲೆ ಅನುದಾನವಿಲ್ಲದ ಇಂಗ್ಲಿಷ್ ಸಾಲಿ ತೆರೆಯುವ ದಾರಿ ಸಲೀಸಾಯಿತು. ದುಡ್ಡಿದ್ದವರು ಮೊದಲೇ ಅತ್ತ ಹೋಗಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಪ್ರವೇಶದಿಂದ ಕಲಿಕೆಯ ಬಗ್ಗೆ ಕಾಳಜಿ ಇರುವ ಬಡ ಪಾಲಕರ ಮಕ್ಕಳಿಗೂ ಅಲ್ಲಿ ಜಾಗ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಸರಕಾರ ಈ ನಿಯಮ ಬದಲಿಸಿ, ಹತ್ತಿರ ಸರಕಾರಿ ಅಥವಾ ಅನುದಾನಿತ ಸಾಲಿ ಇದ್ದರೆ ಖಾಸಗಿ ಸಾಲಿಗೆ ವಿನಾಯಿತಿ ಕೊಟ್ಟಿತ್ತು. ಅದೇ ವರ್ಷ ಜುಲೈನಲ್ಲಿ ಮುಂಬಯಿ ಹೈಕೋರ್ಟ್ ಆ ಬದಲಾವಣೆಯನ್ನು ರದ್ದುಪಡಿಸಿತು.

ಪಾಲಕರನ್ನು ದೂರುವಂತಿಲ್ಲ. ತಮ್ಮ ಮಗು ಇಂಗ್ಲಿಷ್ ಕಲಿಯಲಿ ಅನ್ನೋದು ತಪ್ಪಲ್ಲ. ಆದರೆ ಕನ್ನಡ ಹೈಸ್ಕೂಲಿನ ಇಂದಿನ ನಿಕಾಲವನ್ನು ಮೂವತ್ತು ವರ್ಷದ ಹಿಂದಿನ ನಿಕಾಲದ ಜೊತೆ ಹೋಲಿಸುವಾಗ ಒಂದು ಮಾತು ನೆನಪಿರಲಿ. ಆಗ ವ್ಯಾಪಾರಿಯ ಮಗ, ವಕೀಲರ ಮಗಳು, ಗಿರಣಿ ಕಾರ್ಮಿಕನ ಮಗ ಒಂದೇ ಬಾಕಿನ ಮೇಲೆ ಕೂಡುತ್ತಿದ್ದರು. ಈಗ ಮೊದಲಿನ ಇಬ್ಬರೂ ಬೇರೆ ಸಾಲಿಯಲ್ಲಿದ್ದಾರೆ. ಮಾಸ್ತರರು ಅಷ್ಟೇ ಕಲಿಸಿದರೂ ಕಲಿಯುವವರ ಮನೆ ಬೇರೆ. ಬಡ ಮಕ್ಕಳಿರುವ ಸಾಲಿ ರಾಜ್ಯದ ಸರಾಸರಿಯ ಹತ್ತಿರ ನಿಂತಿದ್ದರೆ ಅದು ಸಣ್ಣ ಕೆಲಸವಲ್ಲ.

ಪಟ ಇಳಿದರೆ ಮಾಸ್ತರರೂ ಇಲ್ಲ

ಸೆಪ್ಟೆಂಬರ್ 30ರ ಪಟವನ್ನು ಹಿಡಿದು ಸರಕಾರ ಸಂಚ ಮಾನ್ಯತೆ ಕೊಡುತ್ತದೆ. ಸಾಲಿಗೆ ಎಷ್ಟು ಶಿಕ್ಷಕರ ಹುದ್ದೆ ಎಂಬುದು ಅದರ ಮೇಲೆ ನಿಂತಿದೆ. ಒಂದು ಕಾಲಕ್ಕೆ ಇದಕ್ಕಾಗಿಯೇ ರಾಜ್ಯದ ಹಲವು ಕಡೆ ಖೊಟ್ಟಿ ಹೆಸರು ತುಂಬುತ್ತಿದ್ದರು. 2011ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ಒಂದೇ ಹೊತ್ತಿಗೆ ಮಕ್ಕಳ ಬೆರಳಿಗೆ ಶಾಯಿ ಹಚ್ಚಿ ಪಟ ಪಡತಾಳಣಿ ನಡೆಸಿದಾಗ ಲಕ್ಷಾಂತರ ಖೊಟ್ಟಿ ಹೆಸರುಗಳು ಹೊರಬಿದ್ದವು. ಈಗ ಆಧಾರ್ ಜೋಡಿಸಿದ್ದರಿಂದ ಆ ಆಟ ನಡೆಯುವುದಿಲ್ಲ. ಆದರೆ ನಿಜವಾಗಿಯೂ ವರ್ಗಕ್ಕೆ ಬರುವ ಮಗುವಿನ ಆಧಾರಿನಲ್ಲಿ ಹೆಸರೋ ಜನ್ಮದಿನಾಂಕವೋ ತಪ್ಪಿದ್ದರೆ ಅದೂ ಲೆಕ್ಕದಿಂದ ಬಿಟ್ಟುಹೋಗುವ ತೊಂದರೆ ಇದೆ.

ದೊಡ್ಡ ಮರಾಠಿ ಸಾಲಿಯಲ್ಲಿ ಹತ್ತು ಮಕ್ಕಳು ಕಡಿಮೆಯಾದರೆ ಅಷ್ಟೇನೂ ಅನಿಸುವುದಿಲ್ಲ. ಒಂದೇ ತುಕಡಿಯ ಕನ್ನಡ ಹೈಸ್ಕೂಲಿನಲ್ಲಿ ಹತ್ತು ಮಕ್ಕಳು ಕಡಿಮೆಯಾದರೆ ಒಂದು ಹುದ್ದೆಯೇ ಹೋಗಬಹುದು. ಹೋದದ್ದು ಗಣಿತದ ಮಾಸ್ತರರ ಹುದ್ದೆಯಾದರೆ ಮುಂದಿನ ವರ್ಷದ ನಿಕಾಲ ಇಳಿಯುತ್ತದೆ. ನಿಕಾಲ ಇಳಿದದ್ದು ನೋಡಿ ಪಾಲಕರು ಮಕ್ಕಳನ್ನು ಬಿಡಿಸುತ್ತಾರೆ. ಪಟ ಮತ್ತಷ್ಟು ಇಳಿಯುತ್ತದೆ. ಇದು ಗಾಣದೆತ್ತಿನ ಸುತ್ತು. ಇದರ ಮೇಲೆ 2012ರಲ್ಲಿ ಸರಕಾರ ಶಿಕ್ಷಕರ ನೇಮಕಾತಿಗೆ ತಡೆ ಹಾಕಿತು. ವರ್ಷಗಳ ನಂತರ ಪವಿತ್ರ ಪೋರ್ಟಲ್ ಮೂಲಕ ನೇಮಕಾತಿ ಶುರುವಾಯಿತು. 2024ರ ಮಾರ್ಚ್ 15ರ ಸರಕಾರಿ ನಿರ್ಣಯ ಸಂಚ ಮಾನ್ಯತೆಯ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿತು. ಕಡಿಮೆ ಪಟದ ಸಾಲಿಗಳಿಗೆ ಇದು ನೇರ ಪೆಟ್ಟು. ಅದರ ವಿರುದ್ಧ ಶಿಕ್ಷಕ ಸಂಘಟನೆಗಳು ಬೀದಿಗಿಳಿದದ್ದೂ ಆಗಿದೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಈ ವಿಧಿ ರಾಜ್ಯ ಪುನರ್ವಿಂಗಡಣೆಯ ಹೊತ್ತಿಗೆ, 1956ರಲ್ಲಿ ಸೇರಿತು. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತು. ಹೈಸ್ಕೂಲಿನ ಕನ್ನಡ ಉಳಿಯುವುದು ಮಕ್ಕಳ ಸಂಖ್ಯೆಯ ಮೇಲೆ.

ಹತ್ತನೇತ್ತೆ ಆದ ಮೇಲೆ?

ಕನ್ನಡದಲ್ಲಿ ಹತ್ತನೇತ್ತೆ ಮುಗಿಸಿದ ಮಗು 11ನೇತ್ತೆಗೆ ವಿಜ್ಞಾನಕ್ಕೆ ಹೋದರೆ ಇಂಗ್ಲಿಷ್, ಕಲಾ ವಿಭಾಗಕ್ಕೆ ಹೋದರೆ ಹೆಚ್ಚಾಗಿ ಮರಾಠಿ. ಅದಕ್ಕೇ ಈ ಮಕ್ಕಳಿಗೆ ಮರಾಠಿ, ಇಂಗ್ಲಿಷ್ ಎರಡೂ ಗಟ್ಟಿಯಾಗಿರಬೇಕು. 2020ರ ಕಾಯ್ದೆಯಿಂದ ರಾಜ್ಯದ ಎಲ್ಲ ಮಾಧ್ಯಮದ ಸಾಲಿಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಮೂರು ಭಾಷೆಯ ಭಾರ ಇಲ್ಲಿಯ ಕನ್ನಡ ಮಗುವಿಗೆ ಹೊಸದಲ್ಲ. ಸರಿಯಾಗಿ ಕಲಿಸಿದರೆ ಭಾರವೇ ಬಂಡವಾಳವೂ ಆಗುತ್ತದೆ.

ಪಾಲಕರಿಗೆ ಗೊತ್ತಿರಬೇಕಾದ ಮೂರು ಸೌಲಭ್ಯಗಳಿವೆ. ಒಂದು, 8ನೇತ್ತೆಯಲ್ಲಿ ನಡೆಯುವ ಎನ್ಎಂಎಂಎಸ್ ಪರೀಕ್ಷೆ. ಸರಕಾರಿ, ಸ್ಥಳೀಯ ಸಂಸ್ಥೆ ಮತ್ತು ಅನುದಾನಿತ ಸಾಲಿಯ ಮಕ್ಕಳಿಗೆ ಮಾತ್ರ ಇದು. ಪಾಲಕರ ವಾರ್ಷಿಕ ಉತ್ಪನ್ನ ಮೂರೂವರೆ ಲಕ್ಷದ ಒಳಗಿರಬೇಕು. ಆಯ್ಕೆಯಾದರೆ 9ರಿಂದ 12ನೇತ್ತೆವರೆಗೆ ವರ್ಷಕ್ಕೆ 12,000 ರೂಪಾಯಿ. ಅಂದರೆ ಎಲ್ಲ ಸೌಲಭ್ಯ ನಿಲ್ಲುವ 9ನೇತ್ತೆಯಲ್ಲೇ ಇದು ಶುರುವಾಗುತ್ತದೆ. ಎರಡು, ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಶಿಷ್ಯವೇತನ. ಅರ್ಜಿ ಆನ್‌ಲೈನ್ ತುಂಬಬೇಕು, ತಾಯಿಯ ಬೀಡಿ ಕಾರ್ಡ್ ಬೇಕು. ಮೂರು, ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗಿರುವ ಅವಕಾಶ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಕ್ಕಳು ಆ ಭಾಗದಲ್ಲೇ ನಿಗದಿತ ವರ್ಷ ಓದಿದ್ದರೆ ಅರ್ಹರು. ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ತಾಲೂಕಿನ ಹೆಸರು, ಓದಿದ ವರ್ಷದ ದಾಖಲೆ ಸರಿ ಇರಲಿ. ಆಯಾ ವರ್ಷದ ಮಾಹಿತಿ ಪುಸ್ತಿಕೆ ನೋಡಿಯೇ ಅರ್ಜಿ ತುಂಬಬೇಕು.

ಕೇಳಬೇಕಾದ ಮೂರು ಅಂಕಿ

ಸಾಲಿಗೆ ಹೋದಾಗ ಪಾಲಕರು ಮೂರು ಅಂಕಿ ಕೇಳಲಿ. ಎರಡು ವರ್ಷದ ಹಿಂದೆ 8ನೇತ್ತೆಯಲ್ಲಿ ಎಷ್ಟು ಮಕ್ಕಳಿದ್ದರು? ಈ ವರ್ಷ ಪರೀಕ್ಷೆಗೆ ಎಷ್ಟು ಮಂದಿ ಕುಳಿತರು? ಎಷ್ಟು ಮಂದಿ ಪಾಸಾಗಿ 11ನೇತ್ತೆಗೆ, ಐಟಿಐಗೆ ಇಲ್ಲವೇ ಡಿಪ್ಲೊಮಾಕ್ಕೆ ಹೆಸರು ಹಚ್ಚಿದರು? ಮುಖ್ಯಾಧ್ಯಾಪಕರ ಕೋಣೆಯ ಜನರಲ್ ರಜಿಸ್ಟರಿನಲ್ಲಿ ಮೊದಲ ಎರಡಕ್ಕೆ ಉತ್ತರ ಇರುತ್ತದೆ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಶೇ. 75ರಷ್ಟು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಸಮಿತಿ ಕಾಗದದ ಮೇಲಷ್ಟೇ ಉಳಿಯದೆ ಸಭೆ ಸೇರಿದರೆ ಈ ಲೆಕ್ಕ ಅಲ್ಲಿಯೇ ಆಗುತ್ತದೆ.

ಸಾಲಿಯವರೂ ಮುಂದಿನ ಸಲ ಫ್ಲೆಕ್ಸ್ ಹಾಕಿಸುವಾಗ ಶೇಕಡಾದ ಕೆಳಗೆ ಈ ಮೂರೂ ಅಂಕಿ ಬರೆಯಿಸಲಿ. 40ರಲ್ಲಿ 38 ಮಕ್ಕಳನ್ನು ಕೊನೆವರೆಗೆ ಹಿಡಿದಿಟ್ಟುಕೊಂಡ ಸಾಲಿ ಹೆಮ್ಮೆಯಿಂದಲೇ ಬರೆಯಬಹುದು. ಮಹಾಪಾಲಿಕೆಯೂ ತನ್ನ ಕನ್ನಡ ಪ್ರಾಥಮಿಕ ಸಾಲಿ ಬಿಟ್ಟ ಪ್ರತಿ ಮಗು ಯಾವ ಹೈಸ್ಕೂಲು ಸೇರಿತು ಎಂಬ ಯಾದಿ ಇಡಬೇಕಿದೆ. ಕುಂಭಾರಿ ಭಾಗದಿಂದ ಪೇಟೆಯ ಸಾಲಿಗಳಿಗೆ ಸಾಲಿಯ ವೇಳೆಗೆ ಸರಿಯಾಗಿ ಬಸ್ ಬಿಡುವ ವಿಚಾರವನ್ನೂ ಸಂಬಂಧಪಟ್ಟವರು ಮಾಡಬೇಕು. ಈ ಲೆಕ್ಕವನ್ನು ನಿಕಾಲದ ದಿನ ಮಾಡಿ ಉಪಯೋಗವಿಲ್ಲ. ಸೆಪ್ಟೆಂಬರ್ 30ರ ಮೊದಲೇ ಮಾಡಬೇಕು.